ಅಕ್ಕರೆಯ ನಾಯಿಗೆ ಮನೆ ಹುಡುಕುವಾಗ

ಬೀದಿಯಿಂದ ಎತ್ತಿ ತಂದು, ಗಾಯ ಮಾಯಿಸಿ, ಲಸಿಕೆ ಹಾಕಿಸಿದ ನಾಯಿಗೆ ಮನೆ ಹುಡುಕುವವರು ಸಾಮಾನ್ಯವಾಗಿ ಆಡುವ ಮಾತೊಂದುಂಟು: ‘ಬಲು ಚಟುವಟಿಕೆಯ, ಬಲು ಅಕ್ಕರೆಯ ಪ್ರಾಣಿ.’ ಅಕ್ಕರೆಯನ್ನು ಕಂಡು ಮನೆಮಂದಿ ಒಪ್ಪುತ್ತಾರೆ. ಚಟುವಟಿಕೆಯನ್ನು ತಾಳಲಾರದೆ ತಿಂಗಳೊಪ್ಪತ್ತಿನಲ್ಲಿ ಹಿಂದಿರುಗಿಸುತ್ತಾರೆ. ಇಲ್ಲಿ ತಪ್ಪು ನಾಯಿಯದಲ್ಲ. ಲೆಕ್ಕ ಹಾಕದೆ ಒಪ್ಪಿದವರದು, ಲೆಕ್ಕ ಕೇಳದೆ ಕೊಟ್ಟವರದು.

ಮುಂಬಯಿಗೂ ಬೀದಿನಾಯಿಗೂ ಇರುವ ನಂಟು ಹಳೆಯದು. ನಾಯಿಗಳನ್ನು ಕೊಲ್ಲುವ ಸರಕಾರದ ಕ್ರಮದ ವಿರುದ್ಧ 1832ರಲ್ಲಿಯೇ ಇಲ್ಲಿನ ಪಾರ್ಸಿಗಳು ದಂಗೆಯೆದ್ದಿದ್ದರು. 2025ರ ಆಗಸ್ಟ್ 11ರಂದು ದಿಲ್ಲಿಯ ಬೀದಿನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಬೇಕೆಂದ ಸರ್ವೋಚ್ಚ ನ್ಯಾಯಾಲಯ, ಅದೇ 22ರಂದು ಆಜ್ಞೆಯನ್ನು ಮಾರ್ಪಡಿಸಿ, ರೇಬೀಸ್ ತಗುಲಿದ ಅಥವಾ ಆಕ್ರಮಣಶೀಲವಾದವುಗಳ ಹೊರತು ಉಳಿದವನ್ನು ಸಂತಾನಹರಣ ಚಿಕಿತ್ಸೆ ಹಾಗೂ ಲಸಿಕೆಯ ನಂತರ ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದಿತು. ದತ್ತು ಪಡೆದ ನಾಯಿ ಮರಳಿ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಪಡೆದವರದೇ ಎಂದೂ ಹೇಳಿತು. ಈ ಕೊನೆಯ ಮಾತು ಅತಿ ಮುಖ್ಯವಾದುದು.

ಗಂಡಹೆಂಡಿರಿಬ್ಬರೂ ಬೆಳಗ್ಗೆ ಎಂಟರ ಲೋಕಲ್ ಹಿಡಿದು ರಾತ್ರಿ ಎಂಟಕ್ಕೆ ಮರಳುವ ಬಿಡಾರದಲ್ಲಿ, ಒಂದೆರಡು ವರ್ಷ ಪ್ರಾಯದ ನಾಯಿ ಹನ್ನೆರಡು ಗಂಟೆ ಏನು ಮಾಡೀತು? ಚಪ್ಪಲಿ ಕಡಿಯುತ್ತದೆ, ಬೊಗಳುತ್ತದೆ. ನೆರೆಯವರು ಸೊಸೈಟಿಯ ಕಾರ್ಯದರ್ಶಿಗೆ ದೂರುತ್ತಾರೆ. ಸಂಜೆ ಬಾಗಿಲು ತೆರೆದೊಡನೆ ಅದು ಎಗರಿ ಮೈಮೇಲೆ ಬೀಳುವುದು ಪ್ರೀತಿಯಿಂದಲೇ. ಆದರೆ ಮಂಡಿನೋವಿನ ಅಜ್ಜಿಗೆ ಇಪ್ಪತ್ತು ಕಿಲೋ ತೂಕದ ಪ್ರೀತಿ ಮೂಳೆ ಮುರಿತಕ್ಕೂ ಕಾರಣವಾದೀತು. ಜಾಗ ಚಿಕ್ಕದೆಂಬುದು ದೊಡ್ಡ ತೊಡಕಲ್ಲ. ಬಂಗಲೆಯ ಅಂಗಳದಲ್ಲಿ ಸರಪಣಿಗೆ ಬಿಗಿದ ನಾಯಿಗಿಂತ, ಎರಡು ಕೋಣೆಯ ಮನೆಯಲ್ಲಿದ್ದು, ನಿವೃತ್ತರೊಬ್ಬರೊಡನೆ ಬೆಳಗ್ಗೆ ಸಂಜೆ ಸುತ್ತಾಡಿ ಬರುವ ನಾಯಿಯೇ ಸುಖಿ. (ಆ ನಿವೃತ್ತರ ರಕ್ತದ ಒತ್ತಡಕ್ಕೂ ಈ ಸುತ್ತಾಟ ಹಿತವೇ.)

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕುಂಟು: ಮೇ ತಿಂಗಳಲ್ಲಿ ಮನೆಗೆ ಬೀಗ ಜಡಿದು ಊರಿಗೆ ಹೋಗುವ ರೂಢಿ. ರೈಲಿನಲ್ಲಿ ನಾಯಿಯನ್ನು ಒಯ್ಯಬೇಕಾದರೆ ಮೊದಲ ದರ್ಜೆಯ ಕೂಪೆಯನ್ನೋ ಕ್ಯಾಬಿನ್ನನ್ನೋ ಪೂರ್ತಿಯಾಗಿ ಕಾದಿರಿಸಬೇಕು; ಇಲ್ಲವೇ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಅದು ಬೆದರಿ ಕುಳಿತು ಬರಬೇಕು. ವರ್ಗಾವಣೆಯ ನೌಕರಿಯವರಂತೂ ಎರಡು ಬಾರಿ ಯೋಚಿಸತಕ್ಕದ್ದು.

ಆರೋಗ್ಯದ ಖರ್ಚೂ ಲೆಕ್ಕದೊಳಗಿರಲಿ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವರ್ಷವರ್ಷವೂ ಪುನಃ. ಮಳೆಗಾಲದ ನೀರಿನಿಂದ ಹರಡುವ ಲೆಪ್ಟೋಸ್ಪೈರೋಸಿಸ್‌ಗೂ ಲಸಿಕೆ. ಜಂತುವಿಗೂ ಉಣ್ಣೆಗೂ ಔಷಧ. ಮಿಕ್ಕ ಸಾರನ್ನ ಹಾಕಿದರೆ ಸಾಕೆಂದು ಬಗೆಯುವವರು, ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆಂಬುದನ್ನು ತಿಳಿದಿರಬೇಕು. ಆಟದಲ್ಲಿ ಹಲ್ಲು ತಾಗಿ ಗೀರಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣುವುದು ಅವಶ್ಯ.

ಆದುದರಿಂದ ಮನೆ ಹುಡುಕುವವರು ನಾಯಿಯ ಮುದ್ದನ್ನು ಎಷ್ಟು ಬಣ್ಣಿಸುತ್ತಾರೋ, ಅದರ ಎಗರಾಟವನ್ನೂ ಅಷ್ಟೇ ಬಿಚ್ಚಿ ಹೇಳಬೇಕು. ಬರುವವರು ಹತ್ತು ನಿಮಿಷ ತಲೆ ಸವರಿ ಒಪ್ಪಿದರೆ ಸಾಲದು. ಮನೆಮಂದಿಯೆಲ್ಲ ಬಂದು ನಾಲ್ಕು ದಿನ ಅದನ್ನು ನಡೆದಾಡಿಸಲಿ. ಅನಂತರ ಎರಡು ಮೂರು ವಾರಗಳ ಪರೀಕ್ಷಾರ್ಥ ಅವಧಿ ಇರಲಿ. ಒಗ್ಗದಿದ್ದಲ್ಲಿ ಕೊಟ್ಟವರಿಗೇ ಮರಳಿಸತಕ್ಕದ್ದು, ಬೀದಿಯಲ್ಲಿ ಬಿಡತಕ್ಕದ್ದಲ್ಲ ಎಂಬ ಷರತ್ತನ್ನು ಕಾಗದದಲ್ಲಿ ಬರೆಸಿ, ಇಬ್ಬರೂ ಸಹಿ ಹಾಕಿ, ಲಸಿಕೆಯ ಕಾರ್ಡಿನೊಂದಿಗೆ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳುವುದು ಯುಕ್ತ.