ಕೊಂಡ ಮೇಲೆ ಹಳೇ ಹೆಸರು ಅಳಿಸಬೇಕೇ?

ಆ್ಯಪಲ್ ಕಂಪನಿ 2014ರಲ್ಲಿ 300 ಕೋಟಿ ಡಾಲರ್ ಕೊಟ್ಟು ‘ಬೀಟ್ಸ್’ ಎಂಬ ಹೆಡ್‌ಫೋನ್ ಕಂಪನಿಯನ್ನು ಕೊಂಡಿತು. ಆಗಿನ್ನೂ ಅದರ ಏರ್‌ಪಾಡ್ಸ್ ಬಂದಿರಲಿಲ್ಲ. 2016ರ ಕೊನೆಗೆ ಏರ್‌ಪಾಡ್ಸ್ ಮಾರುಕಟ್ಟೆಗೆ ಬಂತು. 2020ರಲ್ಲಿ ಕಿವಿ ಪೂರ್ತಿ ಮುಚ್ಚುವ ಏರ್‌ಪಾಡ್ಸ್ ಮ್ಯಾಕ್ಸ್ ಕೂಡ ಬಂತು. ಅಲ್ಲಿಂದ ಒಂದು ಪ್ರಶ್ನೆ ಆಗಾಗ ಏಳುತ್ತಲೇ ಇದೆ: ಒಂದೇ ಮನೆಯಲ್ಲಿ ಎರಡು ಹೆಸರು ಯಾಕೆ? ಬೀಟ್ಸ್ ಹೆಸರನ್ನು ಕೈಬಿಡಬಾರದೇ?

ಅಮೆರಿಕದ ಕಂಪನಿಯ ಲೆಕ್ಕಾಚಾರ ನಮಗ್ಯಾಕೆ ಎನ್ನಬಹುದು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳಲ್ಲಿ ದುಬಾರಿ ಹೆಡ್‌ಫೋನನ್ನು ಕಿವಿಗೆ ಹಾಕಿ, ಕೇಳಿ ನೋಡಿ ಕೊಳ್ಳುವ ಅವಕಾಶ ಕಡಿಮೆ. ನಾವು ಹೆಸರು ನೋಡಿ ಆನ್‌ಲೈನ್‌ನಲ್ಲಿ ತರಿಸುತ್ತೇವೆ. ದೊಡ್ಡ ಊರಿನವರಿಗೆ ಹೆಸರು ಒಂದು ಸುಳಿವು ಮಾತ್ರ. ನಮಗೆ ಬಹಳ ಸಲ ಅದೇ ಪೂರ್ತಿ ಮಾಹಿತಿ. ನಕಲಿ ಮಾಲಿನವರಿಗೂ ಇದು ಗೊತ್ತು. ಅದಕ್ಕೇ ಮುನ್ನೂರು ರೂಪಾಯಿಯ ಹೆಡ್‌ಫೋನ್ ಮೇಲೂ ಬೀಟ್ಸ್‌ನ ಆ ‘ಬಿ’ ಅಕ್ಷರ ಕುಳಿತಿರುತ್ತದೆ. ಹೀಗಾಗಿ ಒಂದು ಹೆಸರು ಉಳಿಯುವುದು, ಅಳಿಯುವುದು ನಮ್ಮ ಜೇಬಿಗೂ ಸಂಬಂಧಿಸಿದ ವಿಷಯ.

ಇದಕ್ಕೆ ಉತ್ತರ ಹುಡುಕಲು ಅಮೆರಿಕದವರೆಗೆ ಹೋಗಬೇಕಿಲ್ಲ, ಬೆಂಗಳೂರೇ ಸಾಕು. ಅಲ್ಲೇ ಹುಟ್ಟಿದ ಓಲಾದ ಎದುರಾಳಿ ‘ಟ್ಯಾಕ್ಸಿಫಾರ್‌ಶ್ಯೂರ್’ ಅನ್ನು 2015ರ ಮಾರ್ಚ್‌ನಲ್ಲಿ ಓಲಾ ಸುಮಾರು 20 ಕೋಟಿ ಡಾಲರ್‌ಗೆ ಕೊಂಡಿತು. ಅದು ಪ್ರತ್ಯೇಕವಾಗಿಯೇ ನಡೆಯುತ್ತದೆ ಎಂದು ಆಗ ಹೇಳಲಾಗಿತ್ತು. ಕಡಿಮೆ ದರದ ಸವಾರಿ ಅದರ ಪಾಲಿನ ಕೆಲಸ. ಆದರೆ 2016ರಲ್ಲಿ ಓಲಾ ತನ್ನದೇ ಆ್ಯಪ್‌ನಲ್ಲಿ ‘ಮೈಕ್ರೋ’ ಎಂಬ ಅಗ್ಗದ ಸೇವೆ ತಂದಿತು. ಅಲ್ಲಿಗೆ ಹಳೇ ಹೆಸರಿಗೆ ಕೆಲಸವೇ ಉಳಿಯಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಟ್ಯಾಕ್ಸಿಫಾರ್‌ಶ್ಯೂರ್ ಮುಚ್ಚಿತು, ನೂರಾರು ನೌಕರರು ಕೆಲಸ ಕಳೆದುಕೊಂಡರು.

‘ಜಬಾಂಗ್’ ಕಥೆಯೂ ಹೆಚ್ಚುಕಡಿಮೆ ಇದೇ. ಫ್ಲಿಪ್‌ಕಾರ್ಟ್ ಬಳಗದ ಮಿಂತ್ರಾ 2016ರಲ್ಲಿ ಅದನ್ನು 7 ಕೋಟಿ ಡಾಲರ್‌ಗೆ ಕೊಂಡಿತು. ಎರಡರಲ್ಲೂ ಸಿಗುತ್ತಿದ್ದದ್ದು ಒಂದೇ ಬಗೆಯ ಬಟ್ಟೆ, ಬೂಟು. ಗ್ರಾಹಕರನ್ನು ಮಿಂತ್ರಾ ಕಡೆಗೆ ತಿರುಗಿಸುತ್ತಾ ಬಂದು 2020ರಲ್ಲಿ ಜಬಾಂಗ್ ಬಾಗಿಲು ಹಾಕಿದರು.

ಇನ್ನು ‘ರೆಡ್‌ಬಸ್’ ನೋಡಿ. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇದನ್ನು 2013ರಲ್ಲಿ ಐಬಿಬೋ ಕೊಂಡಿತು. 2017ರಲ್ಲಿ ಐಬಿಬೋ ಹೋಗಿ ಮೇಕ್‌ಮೈಟ್ರಿಪ್ ಜತೆ ಸೇರಿತು. ಮಾಲೀಕರು ಎರಡು ಸಲ ಬದಲಾದರೂ ಹೆಸರು ಬದಲಾಗಲಿಲ್ಲ. ನಮ್ಮ ಕಡೆಯಿಂದ ಬೆಂಗಳೂರಿಗೆ ಸ್ಲೀಪರ್ ಬಸ್ ಹುಡುಕುವವರು ಇವತ್ತಿಗೂ ಅದನ್ನೇ ತೆರೆಯುತ್ತಾರೆ. ಮೇಕ್‌ಮೈಟ್ರಿಪ್ ಎಂದರೆ ಜನರಿಗೆ ವಿಮಾನ, ಹೋಟೆಲ್ ನೆನಪಾಗುತ್ತದೆ. ಬಸ್ಸಿಗೆ ಬೇರೆಯೇ ಹೆಸರಿನ ಅಗತ್ಯವಿತ್ತು.

ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದು ಅಳತೆಗೋಲು ಸಿಗುತ್ತದೆ. ಮಾಲೀಕನ ಹೆಸರು ಮಾಡದ ಕೆಲಸವನ್ನು ಕೊಂಡ ಹೆಸರು ಮಾಡುತ್ತಿದೆಯೇ? ಮಾಡುತ್ತಿದ್ದರೆ ಉಳಿಸಬೇಕು, ಇಲ್ಲವಾದರೆ ಇಂದಲ್ಲ ನಾಳೆ ಅದು ಹೋಗುವುದೇ.

ಬೀಟ್ಸ್ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಏರ್‌ಪಾಡ್ಸ್ ಅನ್ನು ಆಂಡ್ರಾಯ್ಡ್ ಫೋನಿಗೆ ಜೋಡಿಸಿದರೆ ಅದು ಬರೀ ಸಾಮಾನ್ಯ ಬ್ಲೂಟೂತ್ ಇಯರ್‌ಫೋನ್ ಆಗಿ ಕೆಲಸ ಮಾಡುತ್ತದೆ. ಅದರ ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್ ಆಗಬೇಕೆಂದರೆ ಆ್ಯಪಲ್‌ನ ಸಾಧನವೇ ಬೇಕು. ಬೀಟ್ಸ್‌ಗಾದರೆ ಆಂಡ್ರಾಯ್ಡ್‌ನಲ್ಲೂ ಆ್ಯಪ್ ಇದೆ, ಅಪ್‌ಡೇಟ್ ಅಲ್ಲೇ ಸಿಗುತ್ತದೆ. 2023ರಲ್ಲಿ ಬಂದ ಸ್ಟುಡಿಯೋ ಪ್ರೊ ಮಾದರಿ ಆಂಡ್ರಾಯ್ಡ್ ಫೋನಿನ ಹತ್ತಿರ ಒಯ್ದ ಕೂಡಲೇ ಜೋಡಣೆಯಾಗುವ ಗೂಗಲ್ ವ್ಯವಸ್ಥೆಗೂ ಒಗ್ಗುತ್ತದೆ. ಭಾರತದಲ್ಲಿ ಬಹುಪಾಲು ಫೋನುಗಳು ಆಂಡ್ರಾಯ್ಡ್. ಅಂದರೆ ಐಫೋನ್ ಇಲ್ಲದವರಿಗೂ ಆ್ಯಪಲ್ ತೆರೆದಿಟ್ಟ ಬಾಗಿಲು ಬೀಟ್ಸ್. ಅದನ್ನು ಮುಚ್ಚಿದರೆ ಆ್ಯಪಲ್‌ಗೆ ಖರ್ಚು ಉಳಿಯಬಹುದು, ಆದರೆ ಆಯ್ಕೆ ಕಡಿಮೆಯಾಗುವುದು ನಮ್ಮಂಥವರಿಗೆ.

ಹಾಗೆಂದು ಹೆಸರು ಉಳಿದರೆ ಸಾಕು ಎನ್ನಲೂ ಆಗದು. ಆ್ಯಪಲ್‌ಗಿಂತ ಮೊದಲು, 2011ರಲ್ಲಿ, ಎಚ್‌ಟಿಸಿ ಕಂಪನಿ ಬೀಟ್ಸ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡು ತನ್ನ ಫೋನುಗಳ ಹಿಂದೆ ಆ ಗುರುತು ಅಂಟಿಸಿತ್ತು. ಒಳಗೆ ಇದ್ದದ್ದು ಹೆಚ್ಚಾಗಿ ಧ್ವನಿಯ ಏರಿಳಿತ ಹೊಂದಿಸುವ ಸಾಫ್ಟ್‌ವೇರ್. ಗುರುತು ನೋಡಿ ಜನ ಮುಗಿಬೀಳಲಿಲ್ಲ. 2013ರ ಹೊತ್ತಿಗೆ ಎಚ್‌ಟಿಸಿ ತನ್ನ ಪಾಲನ್ನೆಲ್ಲ ಮಾರಿ ಹೊರಬಂತು. ನಾಳೆ ಆ್ಯಪಲ್ ಕೂಡ ಒಂದೇ ಸರಕಿಗೆ ಎರಡು ಬಣ್ಣ ಬಳಿದು ಎರಡು ಹೆಸರಲ್ಲಿ ಮಾರತೊಡಗಿದರೆ, ಆಗ ಬೀಟ್ಸ್ ನಿಲ್ಲಿಸುವುದೇ ಪ್ರಾಮಾಣಿಕತೆ.

ನಿಲ್ಲಿಸುವುದಕ್ಕೂ ಒಂದು ರೀತಿ ಇದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡು ಬದಲಾದರೂ ಸಿಂಡಿಕೇಟ್‌ನ ಹಳೇ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜೂನ್ ಕೊನೆಯವರೆಗೂ ನಡೆದವು. ಪಿಂಚಣಿ, ವಿದ್ಯಾರ್ಥಿವೇತನ ಬರುವ ಖಾತೆಗಳ ವಿವರ ಬದಲಿಸಿಕೊಳ್ಳಲು ಜನರಿಗೆ ಒಂದು ವರ್ಷದ ಮೇಲೆ ಸಮಯ ಸಿಕ್ಕಿತು. ಹೆಡ್‌ಫೋನ್ ವಿಷಯದಲ್ಲಿ ಇಂಥ ವ್ಯವಸ್ಥೆ ಇನ್ನೂ ಹೆಚ್ಚು ಬೇಕು. ಇವತ್ತಿನ ಇಯರ್‌ಬಡ್‌ಗಳ ಬ್ಯಾಟರಿ ಒಳಗೇ ಅಂಟಿಕೊಂಡಿರುತ್ತದೆ, ನಮ್ಮ ಊರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅದನ್ನು ಬಿಚ್ಚಿ ಹಾಕುವುದು ಕಷ್ಟ. ಆ್ಯಪ್ ನಿಂತರೆ ಅಪ್‌ಡೇಟ್ ಇಲ್ಲ, ಒಂದು ಕಡೆಯ ಬಡ್ ಕಳೆದರೆ ಜೋಡಿ ಸಿಗುವುದಿಲ್ಲ. ಕೈಯಲ್ಲಿರುವ ವಸ್ತು ಚೆನ್ನಾಗಿದ್ದರೂ ಕಸವಾಗುತ್ತದೆ.

ಆದ್ದರಿಂದ ಕಂಪನಿಗಳಿಂದ ಕೇಳಬೇಕಾದದ್ದು ಇಷ್ಟು: ಹೆಸರು ನಿಲ್ಲಿಸುವ ದಿನವೇ, ಮಾರಿದ ವಸ್ತುಗಳಿಗೆ ಆ್ಯಪ್, ಬಿಡಿಭಾಗ, ರಿಪೇರಿ ಯಾವ ವರ್ಷದವರೆಗೆ ಸಿಗುತ್ತದೆ ಎಂದು ಬರೆದು ಕೊಡಲಿ. ಕಂಪನಿ ಕೊಂಡವರು ಅದರ ಹೆಸರಿನ ಜತೆಗೆ ಅದನ್ನು ನಂಬಿ ದುಡ್ಡು ಕೊಟ್ಟವರನ್ನೂ ಪಡೆದಿರುತ್ತಾರೆ. ಹೆಸರು ಅಳಿಸುವ ಹಕ್ಕು ಅವರಿಗಿದೆ. ಆ ಜನರ ಹೊಣೆ ಮಾತ್ರ ಹೆಸರಿನೊಂದಿಗೆ ಅಳಿಯಬಾರದು.