ಕಾವಲಿಗಾಗಿ ಬೀಗ ತೆಗೆಯುವುದು

ಪುಣೆಯನ್ನು ಒಂದು ಕಾಲಕ್ಕೆ ಪಿಂಚಣಿದಾರರ ಊರು ಎನ್ನುತ್ತಿದ್ದರು. ಹಿಂಜವಡಿಯ ಐಟಿ ಪಾರ್ಕು, ಖರಾಡಿಯ ಗಾಜಿನ ಕಟ್ಟಡಗಳು ಬಂದ ಮೇಲೂ ಆ ಹೆಸರು ಪೂರ್ತಿ ಸುಳ್ಳಾಗಿಲ್ಲ. ಕೋಥ್ರೂಡ್, ಸಹಕಾರನಗರ, ಔಂಧ್ ಕಡೆಯ ಹಳೆಯ ಸೊಸೈಟಿಗಳಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದ ಮನೆಗಳು ಬೇಕಾದಷ್ಟಿವೆ. ಧಾರವಾಡ, ವಿಜಯಪುರ, ಬೆಳಗಾವಿಯಿಂದ ನೌಕರಿಗೆಂದು ಬಂದು ಇಲ್ಲಿಯೇ ನಿಂತ ಕನ್ನಡದ ಕುಟುಂಬಗಳೂ ಅವುಗಳಲ್ಲಿ ಸೇರಿವೆ. ಮಕ್ಕಳು ಬೆಂಗಳೂರಲ್ಲೋ ನ್ಯೂಜೆರ್ಸಿಯಲ್ಲೋ ಇರುತ್ತಾರೆ. ಅವರು ಅಲ್ಲಿಂದಲೇ ಆರ್ಡರ್ ಮಾಡಿದ ಪುಟ್ಟ ಕ್ಯಾಮೆರಾ ಒಂದು ದಿನ ಕೊರಿಯರ್‌ನಲ್ಲಿ ಬರುತ್ತದೆ. ಪ್ಲಗ್ಗಿಗೆ ಹಾಕಿದರೆ ದೀಪ ಮಿನುಗುತ್ತದೆ, ಒಂದು ದನಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತದೆ. ಆ್ಯಪ್ ಮಾತ್ರ ಒಂದೆರಡು ನಿಮಿಷ ಸುತ್ತಿ ಸುತ್ತಿ, ಸಂಪರ್ಕ ಆಗಲಿಲ್ಲ ಎಂದು ಕೈಚೆಲ್ಲುತ್ತದೆ.

ಇದು ಸಣ್ಣ ತೊಂದರೆ. ಆದರೆ ಇದನ್ನು ದಾಟುವ ಆತುರದಲ್ಲಿ ಎರಡು ದೊಡ್ಡ ತಪ್ಪುಗಳಾಗುತ್ತವೆ. ಒಂದು, ಮನೆಯ ವೈಫೈಗೆ ಇದ್ದ ಬೀಗವನ್ನೇ ಸಡಿಲಿಸುವುದು. ಇನ್ನೊಂದು, ಬಾಗಿಲಲ್ಲಿ ಇರಬೇಕಾದ ಕ್ಯಾಮೆರಾವನ್ನು ನಡುಮನೆಗೆ ತರುವುದು. ಎರಡರಲ್ಲೂ ಕ್ಯಾಮೆರಾ ಜೋಡಣೆಯಾಗುತ್ತದೆ. ಅದನ್ನು ತರಿಸಿದ ಉದ್ದೇಶ ಕೆಡುತ್ತದೆ.

ಮೊದಲು ತೊಂದರೆಯ ಮೂಲ ನೋಡಬೇಕು. ಇಂದಿನ ಬಹುತೇಕ ರೌಟರುಗಳು ಎರಡು ಪಟ್ಟಿಗಳಲ್ಲಿ ವೈಫೈ ಹರಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಎರಡನೆಯದು ವೇಗದ್ದು, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಮೊದಲನೆಯದು ನಿಧಾನದ್ದು, ಹೆಚ್ಚು ದೂರ ಹೋಗುತ್ತದೆ. ಕಡಿಮೆ ಬೆಲೆಯ ಮನೆ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು. ಮೊಬೈಲು 5ರಲ್ಲಿ ಕೂತಿರುತ್ತದೆ, ರೌಟರು ಎರಡಕ್ಕೂ ಒಂದೇ ಹೆಸರಿಟ್ಟಿರುತ್ತದೆ, ಹಾಗಾಗಿ ಮೊಬೈಲು ಮತ್ತು ಕ್ಯಾಮೆರಾ ಒಂದನ್ನೊಂದು ಹುಡುಕುತ್ತ ತಪ್ಪಿಸಿಕೊಳ್ಳುತ್ತವೆ. ರೌಟರಿನ ಸೆಟ್ಟಿಂಗಿನಲ್ಲಿ ಎರಡು ಪಟ್ಟಿಗಳಿಗೆ ಬೇರೆ ಬೇರೆ ಹೆಸರು ಕೊಟ್ಟು, ಮೊಬೈಲನ್ನೂ 2.4ಕ್ಕೆ ಸೇರಿಸಿ ಮತ್ತೆ ಪ್ರಯತ್ನಿಸಿದರೆ ಎಷ್ಟೋ ಮನೆಗಳ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮುಂದಿನದನ್ನು ಒಂದೊಂದಾಗಿ ನೋಡಬೇಕು. ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪಿರಬಹುದು, ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿರಬಹುದು. ಮೊಬೈಲಿನಲ್ಲಿ ವಿಪಿಎನ್ ಓಡುತ್ತಿರಬಹುದು, ಆ್ಯಪಿಗೆ ಲೊಕೇಶನ್ ಅನುಮತಿ ಕೊಟ್ಟಿಲ್ಲದಿರಬಹುದು. ಹೊಸ ರೌಟರು ಡಬ್ಲ್ಯೂಪಿಎ3 ಎಂಬ ಭದ್ರತೆಯನ್ನಷ್ಟೇ ಒಪ್ಪುವಂತಿದ್ದರೆ ಹಳೆಯ ಮಾದರಿಯ ಕ್ಯಾಮೆರಾ ಒಳಗೆ ಬರಲಾರದು. ಡಬ್ಲ್ಯೂಪಿಎ2 ಕೂಡ ಸೇರಿರುವ ಆಯ್ಕೆಗೆ ಬದಲಿಸಿದರೆ ಸಾಕು, ಭದ್ರತೆಯನ್ನೇ ತೆಗೆಯಬೇಕಿಲ್ಲ. ಬ್ರಾಡ್‌ಬ್ಯಾಂಡ್ ಕಂಪನಿ ಬದಲಾಯಿಸಿದ ಮೇಲೆ ಕ್ಯಾಮೆರಾ ನಿಂತಿದ್ದರೆ, ಅದು ಹಳೆಯ ರೌಟರಿನ ಹೆಸರನ್ನೇ ಹುಡುಕುತ್ತಿದೆ ಎಂದರ್ಥ. ಹೊಸ ರೌಟರಿಗೆ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೆ ಸಾಮಾನ್ಯವಾಗಿ ಅದು ತಾನಾಗಿ ಸೇರಿಕೊಳ್ಳುತ್ತದೆ. ಯಾವುದೂ ಆಗದಿದ್ದರೆ ಕ್ಯಾಮೆರಾದ ರೀಸೆಟ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ರೌಟರಿನ ಪಕ್ಕದಲ್ಲೇ ಇಟ್ಟುಕೊಂಡು ಮೊದಲಿನಿಂದ ಶುರು ಮಾಡುವುದು. ಇದಕ್ಕೆಲ್ಲ ಒಂದು ಗಂಟೆ ಹಿಡಿಯಬಹುದು. ವಿಶೇಷ ಜ್ಞಾನ ಬೇಕಿಲ್ಲ, ತಾಳ್ಮೆ ಬೇಕು.

ಆ ತಾಳ್ಮೆ ಇಲ್ಲದ ಕಡೆ ನಡೆಯುವುದೇ ಬೇರೆ. ಅಂಗಡಿಯಿಂದ ಬಂದ ಹುಡುಗನಿಗೆ ಇನ್ನೂ ನಾಲ್ಕು ಮನೆಗಳಿಗೆ ಹೋಗುವುದಿರುತ್ತದೆ. ‘ಕಾಕಾ, ಪಾಸ್‌ವರ್ಡ್ ತೆಗೆದುಬಿಡೋಣ, ತಟ್ಟನೆ ಆಗ್ತದೆ’ ಎನ್ನುತ್ತಾನೆ. ಇಲ್ಲವೇ ಎಲ್ಲ ಗಿರಾಕಿಗಳಿಗೂ ಇಡುವ ಒಂದೇ ಪಾಸ್‌ವರ್ಡನ್ನು ಇಲ್ಲಿಯೂ ಇಡುತ್ತಾನೆ. ಇನ್ನೂ ಸುಲಭವೆಂದರೆ ತನ್ನ ಮೊಬೈಲಿನಲ್ಲೇ, ತನ್ನ ಖಾತೆಯಲ್ಲೇ ಕ್ಯಾಮೆರಾವನ್ನು ನೋಂದಾಯಿಸಿ ಮನೆಯವರಿಗೆ ‘ಶೇರ್’ ಮಾಡುವುದು. ಆಗ ಆ ಕ್ಯಾಮೆರಾದ ಲೆಕ್ಕಕ್ಕೆ ಯಜಮಾನ ಅವನೇ. ಅವನು ಕೆಟ್ಟವನಾಗಿರಬೇಕಿಲ್ಲ. ಅವನ ಮೊಬೈಲು ಕಳೆದರೂ ಸಾಕು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾಗಳನ್ನೂ ವಿಡಿಯೊ ರೆಕಾರ್ಡರುಗಳನ್ನೂ ಹುಡುಕಿ ಹಿಡಿದು, ಅವುಗಳ ಸೈನ್ಯ ಕಟ್ಟಿ, ಅಕ್ಟೋಬರ್ 21ರಂದು ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳನ್ನು ಕೆಡವಿತು. 2025ರ ಫೆಬ್ರವರಿಯಲ್ಲಿ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ತಪಾಸಣೆಯ ದೃಶ್ಯಗಳು ಕ್ಯಾಮೆರಾದಿಂದ ಸೋರಿ ಯೂಟ್ಯೂಬ್ ಮತ್ತು ಟೆಲಿಗ್ರಾಂ ಸೇರಿದವು. ಬಂಧಿತರಲ್ಲಿ ಮಹಾರಾಷ್ಟ್ರದವರೂ ಇದ್ದರು. ಆ ಜಾಲದವರ ಕೈಗೆ ಸಿಕ್ಕ ಕ್ಯಾಮೆರಾಗಳಲ್ಲಿ ಊಹಿಸಲು ಸುಲಭವಾದ, ಬದಲಾಯಿಸದೇ ಬಿಟ್ಟ ಪಾಸ್‌ವರ್ಡುಗಳಿದ್ದವು ಎಂದು ಪತ್ರಿಕೆಗಳು ಬರೆದವು. ಅಲ್ಲಿಯೂ ಕ್ಯಾಮೆರಾ ಹಾಕಿದ್ದು ಸುರಕ್ಷತೆಗೆಂದೇ.

ಎರಡನೆಯ ತಪ್ಪು ಇದಕ್ಕಿಂತ ಮೆಲ್ಲಗೆ ಆಗುತ್ತದೆ. ಪುಣೆಯ ಫ್ಲ್ಯಾಟುಗಳಲ್ಲಿ ರೌಟರು ಸಾಮಾನ್ಯವಾಗಿ ಟಿವಿಯ ಹತ್ತಿರವೋ ಮಲಗುವ ಕೋಣೆಯಲ್ಲೋ ಇರುತ್ತದೆ. ಮುಂಬಾಗಿಲಿಗೂ ಅದಕ್ಕೂ ನಡುವೆ ಒಂದೆರಡು ಕಾಂಕ್ರೀಟ್ ಗೋಡೆ, ಒಂದು ಕಬ್ಬಿಣದ ಜಾಲರಿ ಬಾಗಿಲು. ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲ ಮನೆಗಳ ವೈಫೈ 2.4ರ ಅದೇ ಕೆಲವು ಚಾನೆಲ್ಲುಗಳಲ್ಲಿ ತಳ್ಳಾಡುತ್ತಿರುತ್ತದೆ. ಬಾಗಿಲಲ್ಲಿ ಸಿಗ್ನಲ್ ನಿಲ್ಲದಿದ್ದಾಗ, ಸಿಗ್ನಲ್ ಚೆನ್ನಾಗಿರುವ ಹಾಲಿಗೆ ಕ್ಯಾಮೆರಾ ಬರುತ್ತದೆ. ಅಲ್ಲಿಗೆ ಬಂದವರನ್ನು ನೋಡಬೇಕಾದ ಕ್ಯಾಮೆರಾ ಇದ್ದವರನ್ನು ನೋಡತೊಡಗುತ್ತದೆ. ಅವ್ವ ಎಷ್ಟು ಹೊತ್ತಿಗೆ ಎದ್ದಳು, ಕೆಲಸದಾಕೆ ಎಲ್ಲಿ ಕೂತಳು, ಅಪ್ಪ ಸಿಹಿ ತಿಂದರೋ ಎಂಬುದೆಲ್ಲ ಮಗನ ಮೊಬೈಲಿಗೆ ಹೋಗುತ್ತದೆ. ಯಾರೂ ಕೂತು ಚರ್ಚಿಸಿ ಹೀಗೆ ತೀರ್ಮಾನಿಸಿದ್ದಲ್ಲ. ಸಿಗ್ನಲ್ ತೀರ್ಮಾನಿಸಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಆ ಹಕ್ಕು ಸರ್ಕಾರದ ಎದುರಿಗಷ್ಟೇ ಎಂದುಕೊಂಡವರಿದ್ದಾರೆ. ಒಂದೇ ಮನೆಯಲ್ಲಿರುವ ಸೋದರರ ವ್ಯಾಜ್ಯವೊಂದರಲ್ಲಿ, ವಾಸದ ಭಾಗದಲ್ಲಿ ಜೊತೆಗಿರುವವರ ಒಪ್ಪಿಗೆಯಿಲ್ಲದೆ ಕ್ಯಾಮೆರಾ ಇಡುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಮುಪ್ಪಿನ ತಂದೆತಾಯಿಯರು ಮಗನ ಮೇಲೆ ಕೋರ್ಟಿಗೆ ಹೋಗುವುದಿಲ್ಲ. ಹೋಗಲಾರರು ಎಂಬ ಕಾರಣಕ್ಕೇ ಅವರನ್ನು ಮೊದಲು ಕೇಳಬೇಕು.

‘ಎಂಬತ್ತರ ವಯಸ್ಸಿನವರು ಬಿದ್ದರೆ ಗೊತ್ತಾಗುವುದು ಬೇಡವೇ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿ ಒಳಗೂ ಒಂದು ಕ್ಯಾಮೆರಾ ಬೇಕೆಂದು ಹಿರಿಯರೇ ಒಪ್ಪಿದರೆ ತಕರಾರಿಲ್ಲ. ಆದರೆ ಬಾಗಿಲಿಗೆ ತಂದದ್ದು ಬಾಗಿಲಲ್ಲೇ ಇರಲಿ. ರೌಟರನ್ನು ನಾಲ್ಕು ಅಡಿ ಸರಿಸಬಹುದು, ನಡುವೆ ಒಂದು ರಿಪೀಟರ್ ಇಡಬಹುದು, ಕೇಬಲ್ ಸೇರುವ ಮಾದರಿಯಾದರೆ ಕೇಬಲ್ಲನ್ನೇ ಎಳೆಯಬಹುದು.

ತಪ್ಪು ಮನೆಯವರದಷ್ಟೇ ಅಲ್ಲ. ಐದು ಬೇರೆ ಬೇರೆ ಕಾರಣಗಳಿಗೆ ಆ್ಯಪ್ ಕೊಡುವ ಉತ್ತರ ಒಂದೇ: ಆಗಲಿಲ್ಲ. ‘ಪಾಸ್‌ವರ್ಡ್ ತಪ್ಪಾಗಿದೆ’, ‘ಇದು 5 ಗಿಗಾಹರ್ಟ್ಸ್’, ‘ಇಲ್ಲಿ ಸಿಗ್ನಲ್ ಸಾಲದು’ ಎಂದು ಬಿಡಿಸಿ ಹೇಳುವುದು ತಯಾರಕರಿಗೆ ಅಸಾಧ್ಯವೇನಲ್ಲ. ಅದನ್ನೇ ಕನ್ನಡದಲ್ಲಿ, ಮರಾಠಿಯಲ್ಲಿ ಹೇಳುವುದೂ ಅಸಾಧ್ಯವಲ್ಲ. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶ, ಮುಂದಿನ ವರ್ಷದ ಏಪ್ರಿಲ್ 9ರಿಂದ, ಮಾರಾಟವಾಗುವ ಸಿಸಿಟಿವಿ ಕ್ಯಾಮೆರಾಗಳಿಗೆ ಪ್ರಯೋಗಾಲಯದ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಒಳ್ಳೆಯದೇ. ಆದರೆ ಪರೀಕ್ಷೆ ಗೆದ್ದ ಕ್ಯಾಮೆರಾ ಕೂಡ ಪಾಸ್‌ವರ್ಡ್ ಇಲ್ಲದ ವೈಫೈಗೆ ಸೇರಿದರೆ ಆ ಮನೆಗೆ ರಕ್ಷಣೆ ಇಲ್ಲ. ತಪ್ಪು ಎಲ್ಲಿದೆ ಎಂದು ಬಳಸುವವರ ಭಾಷೆಯಲ್ಲಿ ತಿಳಿಸುವುದನ್ನೂ ಭದ್ರತೆಯ ಭಾಗವೆಂದೇ ನಿಯಮ ಎಣಿಸಬೇಕು.

ಅಲ್ಲಿಯವರೆಗೆ ದೂರದ ಮಕ್ಕಳು ಈ ಕೆಲಸವನ್ನು ವಿಡಿಯೊ ಕರೆಯಲ್ಲಿ ಮುಗಿಸಲು ಹೋಗದೆ, ರಜೆಗೆ ಊರಿಗೆ ಬಂದಾಗ ಮಾಡುವುದು ಮೇಲು. ಖಾತೆ ಅಪ್ಪ ಅಥವಾ ಅವ್ವನ ಹೆಸರಿನಲ್ಲಿರಲಿ. ಪಾಸ್‌ವರ್ಡನ್ನು ಅವರೇ ಆರಿಸಿ, ಹಾಲಿನ ಲೆಕ್ಕದ ಡೈರಿಯಲ್ಲಿ ಬರೆದಿಟ್ಟುಕೊಳ್ಳಲಿ. ಮಕ್ಕಳಿಗೆ ಅವರು ‘ಶೇರ್’ ಮಾಡಲಿ. ಬೇಡವೆನಿಸಿದ ದಿನ ಕ್ಯಾಮೆರಾ ಆಫ್ ಮಾಡುವುದು ಹೇಗೆಂದೂ ಅವರಿಗೆ ಕಲಿಸಿಯೇ ವಿಮಾನ ಹತ್ತಲಿ.