ಹಿತ್ತಲಲ್ಲಿ ಹೆಗ್ಗಣ: ಪಾಷಾಣ ಇಡೋ ಮುಂಚೆ ಒಂದ್ಮಾತು

ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ನಮ್ಮ ಕಡೆ ಎಲ್ಲರದ್ದೂ ಒಂದೇ ದೂರು. ತೆಂಗಿನ ಸಸಿ ಬುಡ ಕಡಿದಿದೆ, ಗೆಣಸಿನ ಪಾತಿ ಅಗೆದಿದೆ, ಬಚ್ಚಲ ಗೋಡೆ ಪಕ್ಕ ಮಣ್ಣಿನ ಗುಡ್ಡೆ. ಸಂಜೆಗೆ ಭದ್ರಾವತಿ ಪೇಟೆಯಿಂದ ಇಲಿ ಪಾಷಾಣ ಬಂತು, ಉಂಡೆ ಕಟ್ಟಿ ಇಟ್ಟಾಯ್ತು. ನೇರವಾಗಿ ಹೇಳ್ತೀನಿ, ಮನೆ ಹಿತ್ತಲಲ್ಲಿ ವಿಷ ಇಡಬಾರದು.

ಅವು ಯಾಕೆ ಬರ್ತವೆ ನೋಡಿ. ಗದ್ದೆಗೆ ನೀರು ನಿಂತರೆ ಬದುವಿನ ಬಿಲ ನೆನೆಯುತ್ತೆ, ಒಣ ನೆಲ ಹುಡುಕ್ಕೊಂಡು ಮೇಲೆ ಬರ್ತವೆ. ಕೊಯ್ಲಾದ ಮೇಲೆ ತಿನ್ನೋಕಿಲ್ಲ ಅಂತ ಇನ್ನೊಂದ್ಸಲ ಬರ್ತವೆ. ಅವಕ್ಕೆ ಬೇಕಾದ ಮನೆ ನಾವೇ ಕಟ್ಟಿಟ್ಟಿರ್ತೀವಿ. ಅಡಿಕೆ ಸಿಪ್ಪೆ ರಾಶಿ, ತೆಂಗಿನ ಮಟ್ಟೆ, ಸೌದೆ ಒಟ್ಟಿಲು, ಮುಸುರೆ ಚೆಲ್ಲೋ ಜಾಗ. (ರಸ್ತೆ ಬದಿ ಸಿಪ್ಪೆ ಸುರಿದು ಹೋಗೋರ ಬಗ್ಗೆ ಬೇರೆನೇ ಬರೀಬೇಕು, ಇವತ್ತು ಬೇಡ.)

ಜಿಂಕ್ ಫಾಸ್ಫೈಡ್ ತಿಂದು ಒಂದಕ್ಕೆ ಏನೋ ಆದ್ರೆ ಉಳಿದವು ಆ ಉಂಡೆ ಮುಟ್ಟಲ್ಲ. ಅದಕ್ಕೇ ಮೊದಲು 2-3 ದಿನ ವಿಷ ಇಲ್ಲದ ಉಂಡೆ ಇಡಿ ಅನ್ನೋದು. ಅಷ್ಟು ತಾಳ್ಮೆ ಯಾರಿಗಿದೆ? ಕೊನೆಗೆ ತಿನ್ನೋದು ಕೋಳಿ, ನಾಯಿ. ಬ್ರೋಮಡಿಯೋಲೋನ್ ಬಿಲ್ಲೆ ತಿಂದ ಹೆಗ್ಗಣ ಸಾಯೋಕೆ ಕೆಲವು ದಿನ ಬೇಕು. ಅಷ್ಟರಲ್ಲಿ ಅದನ್ನ ಹಿಡಿದ ಬೆಕ್ಕಿಗೂ ಗೂಬೆಗೂ ವಿಷ ಹೋಗುತ್ತೆ. ಪುಕ್ಕಟೆ ಕೆಲಸ ಮಾಡೋರನ್ನೇ ಕೊಂದಂಗಾಯ್ತು. ಕೇರೆ ಹಾವೂ ಅಂಥದ್ದೇ, ಬಿಲದೊಳಕ್ಕೇ ನುಗ್ಗಿ ಮರಿ ತಿನ್ನುತ್ತೆ. ಅದನ್ನ ಕೊಲ್ಲೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಕೂಡ.

ಹಂಗಂತ ಎಲ್ಲಾ ಬಿಲ ಬಿಟ್ಬಿಡಿ ಅಂತಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿಗಾಯ್ತು ಅಂತಾರಲ್ಲ, ಹೆಗ್ಗಣದ ಬಿಲಾನೂ ಹಂಗೇ, ನಾಗರ, ಕೊಳಕುಮಂಡಲ ಸೇರ್ಕೋತವೆ. ಪಾಯದ ಪಕ್ಕ, ಕೊಟ್ಟಿಗೆ, ನೀರು ಹಾಯೋ ಬದು, ಇಲ್ಲೆಲ್ಲ ಬಿಲ ಇರಕೂಡದು. ಬದು ತೂತಾಗಿ ಸರದಿ ನೀರು ಪಕ್ಕದ ಗದ್ದೆಗೆ ಸೋರಿದ್ದಕ್ಕೆ ಮಾತು ಬಿಟ್ಟ ದಾಯಾದಿಗಳು ನಮ್ಮೂರಲ್ಲೇ ಇದ್ದಾರೆ. ಸಂಜೆ ಎಲ್ಲಾ ತೂತು ಮಣ್ಣಲ್ಲಿ ಮುಚ್ಚಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಹೆಗ್ಗಣ ಇದೆ. ಅಲ್ಲಿ ಸುಟ್ಟ ಕೊಬ್ಬರಿ ಕಟ್ಟಿ ಬೋನಿಡಿ. ಖಾಲಿ ಬಿಲಕ್ಕೆ ಜಲ್ಲಿ ತುಂಬಿ ಗಟ್ಟಿಸಿ. ಕೈ ಹಾಕಬೇಡಿ, ಬರಿಗಾಲೂ ಬೇಡ. ಇಲಿ ಉಚ್ಚೆ ಬೆರೆತ ಕೆಸರು ಗಾಯಕ್ಕೆ ತಾಗಿದ್ರೆ ಇಲಿ ಜ್ವರ ಬರಬಹುದು. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ರೆ ಡಾಕ್ಟರಿಗೆ ಗದ್ದೆ ಕೆಲಸದ ವಿಷಯ ತಪ್ಪದೆ ಹೇಳಿ.

ಬೇಲಿ ಅಂಚಿನ, ಬಿದಿರು ಮೆಳೆ ಕೆಳಗಿನ ಬಿಲ ನಾನು ಮುಟ್ಟಲ್ಲ. ಮುಂಗುಸಿ ಓಡಾಡೋದು ಅಲ್ಲೇ. ನಾಲ್ಕು ಗೆಡ್ಡೆ ಹೋಗ್ತವೆ, ಹೋಗಲಿ.

ನಿಜವಾಗಿ ಕಮ್ಮಿ ಮಾಡೋದು ಒಬ್ಬರ ಕೈಲಾಗೋ ಕೆಲಸ ಅಲ್ಲ. ನಾನು ಒಂದು ಹಿಡಿದ್ರೆ ವಾರದಲ್ಲಿ ಪಕ್ಕದ ತೋಟದಿಂದ ಇನ್ನೊಂದು. ಬೇಸಿಗೆ ಬೆಳೆ ಕೊಯ್ದು ಮಳೆಗಾಲದ ನಾಟಿಗೆ ಮುಂಚೆ, ಗದ್ದೆ ಖಾಲಿ ಇದ್ದಾಗ, ಒಂದು ತೂಬಿನ ಕೆಳಗಿನೋರೆಲ್ಲ ಒಂದೇ ವಾರದಲ್ಲಿ ದಪ್ಪ ಬದು ಕಡಿದು ಸಣ್ಣ ಮಾಡಿ ಬೋನಿಡಬೇಕು. ಆಗ ಅವಕ್ಕೆ ಬೇರೆ ತಿನ್ನೋಕಿರಲ್ಲ, ಬೋನಿಗೆ ಬೀಳ್ತವೆ. ನಮ್ಮ ತೂಬಿನಲ್ಲಿ 15 ಮನೆ. ಬರೋ ಮೇ ತಿಂಗಳಿಗೆ 6 ಜನ ಹ್ಞೂಂ ಅಂದಿದ್ದಾರೆ. ನಿಮ್ಮ ಕಡೆ ಹಿಂಗೆ ಸೇರಿ ಮಾಡಿದೋರಿದ್ರೆ ಹೇಗೆ ಒಪ್ಪಿಸಿದ್ರಿ ಅಂತ ಬರೀರಿ.